ಎತ್ತರದ ಕಂಬಕ್ಕೆ ಕೆಂಪು ಬಣ್ಣ

ನಗರದ ನೀರು ಸರಬರಾಜು ಕಚೇರಿಯಲ್ಲಿ ಅಂಕಿಸಂಖ್ಯೆ ಬರೆದಿಡುವವರು ಬೇಕಾದಷ್ಟು ಜನ ಇದ್ದರು. ಅದನ್ನು ಗೋಡೆಗೆ ಏರಿಸಿ ನಾಲ್ಕು ಜನ ನಿಂತು ನೋಡುವ ಹಾಗೆ ಮಾಡಬಲ್ಲವನು ಒಬ್ಬನೇ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದು, ಮಿಕ್ಕ ಕಡೆಯೆಲ್ಲ ಅವನು ಗ್ರಾಫಣ್ಣನಾಗಿ ಇಪ್ಪತ್ತೆರಡು ವರ್ಷವಾಗಿತ್ತು. ಎರಡನೇ ಮಹಡಿಯ ಮೂಲೆಯ ಕೋಣೆ ಅವನದು: ಕಿಟಕಿಗೆ ಮುಖ ಮಾಡಿದ ಉದ್ದನೆಯ ಮೇಜು, ಒಂದು ಮೀಟರಿನ ಸ್ಟೀಲ್ ಸ್ಕೇಲು, ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಸ್ಕೆಚ್ ಪೆನ್ನುಗಳು, ಗೋಡೆಗೆ ಒರಗಿಸಿಟ್ಟ ಚಾರ್ಟ್ ಹಾಳೆಗಳ ಸುರುಳಿ. ಕಚೇರಿಗೆ ಕಂಪ್ಯೂಟರ್ ಬಂದಿರಲಿಲ್ಲ ಎಂದಲ್ಲ. ಬಂದಿತ್ತು, ಜೊತೆಗೆ ಪ್ರಿಂಟರೂ ಬಂದಿತ್ತು. ಆದರೆ ಪ್ರಿಂಟರು ಕೊಡುವ ಗ್ರಾಫು ಎರಡು ಅಂಗೈ ಅಗಲ. ಕಾರಿಡಾರಿನಲ್ಲಿ ಬಿರಬಿರನೆ ಓಡಾಡುವ ದೊಡ್ಡವರ ಕಣ್ಣಿಗೆ ಅದು ಬೀಳುತ್ತಲೇ ಇರಲಿಲ್ಲ. ದೊಡ್ಡವರಿಗೆ ದೊಡ್ಡದಾಗಿಯೇ ತೋರಿಸಬೇಕು ಎಂಬುದು ಗ್ರಾಫಣ್ಣನ ಅನುಭವ.

ಅವನ ಕೆಲಸಕ್ಕೆ ಅವನದೇ ಕಟ್ಟುಪಾಡುಗಳಿದ್ದವು. ಅಡ್ಡ ಗೆರೆಯ ಕೆಳಗೆ ಹೆಸರು, ಉದ್ದ ಗೆರೆಯ ಪಕ್ಕದಲ್ಲಿ ಅಳತೆ, ಅಳತೆ ಸೊನ್ನೆಯಿಂದಲೇ ಶುರು. ಕಂಬದ ಅಗಲ ನಾಲ್ಕು ಸೆಂಟಿಮೀಟರು, ನಡುವಿನ ಸಂದು ಎರಡು. ಎಲ್ಲ ಕಂಬಗಳಿಗೂ ನೀಲಿ, ಎಲ್ಲಕ್ಕಿಂತ ಎತ್ತರದ ಕಂಬಕ್ಕೆ ಮಾತ್ರ ಕೆಂಪು. ಈ ಕೆಂಪಿನ ಪದ್ಧತಿ ಹಿಂದಿನ ಸಾಹೇಬರ ಕಾಲದ್ದು. ಅವರು ದಿನವೂ ಕನ್ನಡಕ ಮರೆತು ಬಂದು, ಗ್ರಾಫಿನ ಮುಂದೆ ಕಣ್ಣು ಕಿರಿದು ಮಾಡಿಕೊಂಡು ನಿಂತು, "ಯಾವುದ್ರೀ ಜಾಸ್ತಿ?" ಎಂದು ಕೇಳುತ್ತಿದ್ದರು. ಹೇಳಿ ಹೇಳಿ ಬಾಯಿ ನೋವು ಬಂದ ಮೇಲೆ ಗ್ರಾಫಣ್ಣ ಕೆಂಪು ಬಳಿಯತೊಡಗಿದ. ಆ ಸಾಹೇಬರು ನಿವೃತ್ತರಾಗಿ ಹೋದರು, ಕೆಂಪು ಉಳಿದುಕೊಂಡಿತು. ಈಗ ಅವನು ಯೋಚಿಸಬೇಕಾಗಿಯೇ ಇರಲಿಲ್ಲ. ಎತ್ತರದ ಕಂಬ ಬಂದ ಕೂಡಲೇ ಕೈ ತಾನಾಗಿ ಕೆಂಪು ಪೆನ್ನಿನ ಮುಚ್ಚಳ ತೆಗೆಯುತ್ತಿತ್ತು.

ಆಮೇಲೆ ಹೊಸ ಸಾಹೇಬರು ಬಂದರು. ಬಂದ ಮೊದಲ ವಾರವೇ ಗ್ರಾಫಣ್ಣನನ್ನು ಕರೆಸಿ, ಫೈಲುಗಳ ರಾಶಿಯನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, "ನೋಡಿ, ನನಗೆ ಓದೋಕೆ ಟೈಮಿಲ್ಲ. ಓದಿಸಬೇಡಿ, ತೋರಿಸಿ. ಐದು ಭಾಗದ ಕಚೇರಿಗಳಿವೆಯಲ್ಲ, ಯಾವ ಭಾಗದಲ್ಲಿ ತಿಂಗಳಿಗೆ ಎಷ್ಟು ದೂರು ಬರುತ್ತೆ, ಕಾರಿಡಾರಿನಲ್ಲಿ ಹಾಕಿ," ಎಂದರು.

ಇಪ್ಪತ್ತೆರಡು ವರ್ಷದಲ್ಲಿ ಯಾವ ಅಧಿಕಾರಿಯೂ ಅವನನ್ನು ಹೀಗೆ ಕರೆದು ಕೇಳಿರಲಿಲ್ಲ. ಗ್ರಾಫಣ್ಣನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಗ್ರಾಫು ನೋಡುವುದು ಹೇಗೆ ಎಂದು ಸಾಹೇಬರು ಕೇಳಿದ್ದಕ್ಕೆ, ಇನ್ನಷ್ಟು ಉಬ್ಬಿ, "ತುಂಬಾ ಸುಲಭ ಸಾರ್. ಎತ್ತರ ಇದ್ದಷ್ಟೂ ತೊಂದ್ರೆ ಜಾಸ್ತಿ ಅಂತ ಅರ್ಥ. ಕೆಂಪು ಎಲ್ಲಿದೆ ಅಂತ ನೋಡಿದ್ರೆ ಸಾಕು," ಎಂದ. ಸಾಹೇಬರು ಅದನ್ನು ಡೈರಿಯಲ್ಲಿ ಬರೆದುಕೊಂಡರು.

ತಿಂಗಳ ಕೊನೆಗೆ ಅಂಕಿಗಳು ಬಂದವು. ಉತ್ತರ ಭಾಗ ಎಪ್ಪತ್ತೊಂದು, ದಕ್ಷಿಣ ಐವತ್ತೆಂಟು, ಮಧ್ಯ ಅರವತ್ತನಾಲ್ಕು, ಪಶ್ಚಿಮ ಒಂಬತ್ತು. ಪೂರ್ವ ನಾನೂರ ಹನ್ನೆರಡು. ಐದು ದೂರಿಗೆ ಒಂದು ಸೆಂಟಿಮೀಟರಿನಂತೆ ಅಳೆದರೆ ಪೂರ್ವದ ಕಂಬ ಎಂಬತ್ತೆರಡು ಸೆಂಟಿಮೀಟರು ದಾಟಿತು. ಒಂದು ಹಾಳೆ ಸಾಲದೆ, ಮೇಲೊಂದು ಹಾಳೆ ಅಂಟಿಸಬೇಕಾಯಿತು. ಇಂಥ ಕಂಬ ಅವನ ಕೈಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಉಸಿರು ಬಿಗಿಹಿಡಿದು ಗೆರೆ ಎಳೆದ, ಅಂಚು ದಾಟದಂತೆ ಕೆಂಪು ತುಂಬಿದ, ಎರಡು ಹೆಜ್ಜೆ ಹಿಂದೆ ಸರಿದು ಸೊಂಟದ ಮೇಲೆ ಕೈಯಿಟ್ಟು ನೋಡಿದ. ಕೆಂಪು ಒಣಗಿದ ಮೇಲಷ್ಟೇ ಅವನಿಗೆ ಹೊಳೆದದ್ದು, ಆ ನಾನೂರ ಹನ್ನೆರಡನ್ನು ಬರೆದವಳು ತನ್ನ ಸ್ವಂತ ಅಕ್ಕ ಎಂದು.

ಮರೆತಿದ್ದ ಎಂದಲ್ಲ. ಅಕ್ಕ ಹದಿನೆಂಟು ವರ್ಷದಿಂದ ಪೂರ್ವ ಭಾಗದ ದೂರಿನ ಕೌಂಟರಿನಲ್ಲೇ ಕೂತಿದ್ದಳು. ಒಂದೇ ಕಟ್ಟಡದಲ್ಲಿ ಕೆಳಗಿನ ಮನೆ ಅವಳದು, ಮೇಲಿನ ಮನೆ ಇವನದು. ಅಮ್ಮ ಬೇಗ ತೀರಿಕೊಂಡದ್ದರಿಂದ ಇವನಿಗೆ ಮಗ್ಗಿ ಬಾಯಿಪಾಠ ಮಾಡಿಸಿದವಳೂ ಅವಳೇ. ಆದರೆ ಅಂಕಿ ಹಾಳೆಯ ಮೇಲೆ ಬಂದರೆ ಗ್ರಾಫಣ್ಣನಿಗೆ ಅದು ಅಂಕಿ ಮಾತ್ರ. ಅದರ ಹಿಂದೆ ಯಾರು, ಏನು ಎಂದು ತಲೆ ಕೆಡಿಸಿಕೊಂಡರೆ ಗೆರೆ ಸೊಟ್ಟಗಾಗುತ್ತದೆ ಎಂದು ಅವನೇ ಹೇಳುತ್ತಿದ್ದ.

ಸಾಹೇಬರು ಮರುದಿನ ಕಾರಿಡಾರಿನಲ್ಲಿ ನಿಂತರು. ನಿಂತದ್ದು ಅರ್ಧ ನಿಮಿಷ. ಅಷ್ಟರಲ್ಲಿ ಎರಡು ಆಜ್ಞೆಗಳು ಹೊರಟವು. ಪಶ್ಚಿಮ ಭಾಗದ ದೂರಿನ ಗುಮಾಸ್ತನಿಗೆ ಪ್ರಶಂಸಾಪತ್ರ. ಪೂರ್ವ ಭಾಗದ ಗುಮಾಸ್ತೆಗೆ ಮೆಮೊ: ಕೂಡಲೇ ಸುಧಾರಣೆ ಕಾಣದಿದ್ದರೆ ಊರಾಚೆಯ ಪಂಪ್‌ಹೌಸಿಗೆ ಎತ್ತಂಗಡಿ.

ಪಂಪ್‌ಹೌಸೆಂದರೆ ಎರಡು ಬಸ್ಸು ಬದಲಾಯಿಸಿ ಹೋಗುವ ಜಾಗ. ಪಂಪು ಎಷ್ಟು ಗಂಟೆಗೆ ಶುರುವಾಯಿತು, ಎಷ್ಟು ಗಂಟೆಗೆ ನಿಂತಿತು ಎಂದು ಬರೆಯುವುದು ಅಲ್ಲಿಯ ಕೆಲಸ. ಮಾತಾಡಲು ನರಪಿಳ್ಳೆ ಇಲ್ಲ. ಅಕ್ಕನ ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು. ಅವಳಿಗೋ, ದಿನಕ್ಕೆ ಇಪ್ಪತ್ತು ಜನರ ಹತ್ತಿರ ಮಾತಾಡದಿದ್ದರೆ ಊಟ ಸೇರುತ್ತಿರಲಿಲ್ಲ.

ಸಂಜೆ ಮೆಟ್ಟಿಲ ಬುಡದಲ್ಲೇ ಅವಳು ಅವನನ್ನು ಹಿಡಿದಳು. ಕೈಯಲ್ಲಿ ಮೆಮೊ ಇತ್ತು.

"ಏನೋ, ನನ್ನನ್ನ ಕೆಂಪಗೆ ಮಾಡಿ ಗೋಡೆಗೆ ಅಂಟಿಸಿದ್ಯಂತೆ."

"ಅಂಕಿ ಕಳಿಸಿದ್ದು ನೀನೇ ಅಲ್ವಾ ಅಕ್ಕ? ನಾನು ಗೆರೆ ಎಳೆದೆ ಅಷ್ಟೆ. ನಾನೂರ ಹನ್ನೆರಡು ಯಾಕೆ ಬರೀಬೇಕಾಗಿತ್ತು ನೀನು?"

"ನಾನೂರ ಹನ್ನೆರಡು ಜನ ಫೋನ್ ಮಾಡಿದ್ರು, ಬರೆದೆ. ಇನ್ನೇನು ಮಾಡ್ಬೇಕಿತ್ತು, ಕಿವಿಗೆ ಹತ್ತಿ ಇಟ್ಕೋಬೇಕಿತ್ತಾ?" ಅವಳು ಮೆಟ್ಟಿಲ ಮೇಲೆ ಕೂತಳು. "ಅದರಲ್ಲೂ ನಮ್ಮ ಭಾಗದೋರು ಅರ್ಧವೂ ಇಲ್ಲ. ಪಶ್ಚಿಮದೋರೆಲ್ಲ ನನಗೇ ಮಾಡ್ತಾರೆ. ಅಲ್ಲಿ ಫೋನ್ ಎತ್ತೋರೇ ಇಲ್ವಂತೆ. ನಮ್ಮದಲ್ಲಪ್ಪ ಅಂತ ಇಟ್ಟುಬಿಡೋಕಾಗುತ್ತಾ? ಬರ್ಕೊಂಡು ರಿಪೇರಿಯವರಿಗೆ ಹೇಳ್ತೀನಿ. ಅವರು ಹೋಗೋ ತನಕ ಬೆನ್ನು ಬಿಡಲ್ಲ."

ತಾನು ಅಷ್ಟು ಪ್ರೀತಿಯಿಂದ ಎಬ್ಬಿಸಿದ ಕಂಬದೊಳಗೆ ಬೇರೆಯವರ ಮನೆಯ ಸೋರಿಕೆ ತುಂಬಿದೆ ಎಂದು ಗ್ರಾಫಣ್ಣನಿಗೆ ಅನ್ನಿಸಿಯೇ ಇರಲಿಲ್ಲ.

ಮರುದಿನ ಯಾವುದೋ ನೆಪ ಹೇಳಿ ಪಶ್ಚಿಮದ ಕಚೇರಿಗೆ ಹೋದ. ಅಲ್ಲಿಯ ಗುಮಾಸ್ತನಿಗೆ ಎಲ್ಲರೂ ಮೌನಿ ಎನ್ನುತ್ತಿದ್ದರು. ಮೇಜಿನ ಮೇಲೆ ಧೂಳಿನ ಕಣವಿಲ್ಲ, ಕಿಟಕಿಯಲ್ಲಿ ಹೂವಿನ ಕುಂಡ, ತಲೆಯ ಹಿಂದೆ ಹೊಸದಾಗಿ ಕಟ್ಟು ಹಾಕಿಸಿದ ಪ್ರಶಂಸಾಪತ್ರ. ಫೋನಿನ ಪಕ್ಕದಲ್ಲಿ ಮಡಚಿದ ಟವೆಲು, ಅದರ ಮೇಲೆ ಅಂಗಾತ ಮಲಗಿದ ರಿಸೀವರು.

"ಫೋನ್ ಇಟ್ಟಿಲ್ವಲ್ಲ," ಎಂದ ಗ್ರಾಫಣ್ಣ.

"ಇಟ್ರೆ ಬಡ್ಕೊಳ್ಳುತ್ತೆ," ಎಂದ ಮೌನಿ, ಮುಗುಳ್ನಗುತ್ತ. ಕೆಟ್ಟವನೇನಲ್ಲ, ಬಂದವರಿಗೆ ಕುರ್ಚಿ ಕೊಡುತ್ತಿದ್ದ, ಟೀ ತರಿಸುತ್ತಿದ್ದ. "ನೋಡಿ, ನಿಜವಾಗಿ ಕಷ್ಟ ಇರೋರು ನಡ್ಕೊಂಡು ಬರ್ತಾರೆ. ಬಂದೋರಲ್ಲೂ ಅರ್ಧ ಜನ ಹೇಳ್ಕೊಂಡು ಸಮಾಧಾನ ಆಗಿ ಹೋಗಿಬಿಡ್ತಾರೆ. ಹೋಗದೆ ನಿಂತ್ಕೊಂಡೇ ಇರ್ತಾರಲ್ಲ, ಅವರದ್ದು ಬರೀತೀನಿ. ಹೋದ ತಿಂಗಳು ಒಂಬತ್ತು ಜನ ನಿಂತ್ಕೊಂಡ್ರು. ಒಂಬತ್ತೂ ಸರಿಮಾಡಿಸಿಕೊಟ್ಟಿದ್ದೀನಿ."

ಆ ಭಾನುವಾರ ಅಕ್ಕನ ಮನೆಯ ನೆಲದ ಮೇಲೆ ರಿಜಿಸ್ಟರು ಹರಡಿಕೊಂಡು ಇಬ್ಬರೂ ಕೂತರು. ಅವಳು ಓದಬೇಕು, ಇವನು ಗೀಟು ಹಾಕಬೇಕು. ನಾಲ್ಕು ಉದ್ದ ಗೀಟು, ಐದನೆಯದು ಅಡ್ಡ. ಎಡಗಡೆ ಪೂರ್ವದವರು, ಬಲಗಡೆ ಹೊರಗಿನವರು, ಕೆಳಗೆ ಸರಿಹೋದವು, ಹೋಗದವು.

"ಮೂರನೇ ಮಹಡಿ, ಹಸುಗೂಸಿನ ತಾಯಿ, ಎರಡು ದಿನದಿಂದ ನೀರಿಲ್ಲ. ಸಂಜೆ ಹೊತ್ತಿಗೆ ಬಂತು," ಎಂದು ಅಕ್ಕ ಓದಿದಳು. "ದರ್ಜಿ ಅಂಗಡಿ, ಹಿಂದಿನ ಗೋಡೇಲಿ ಪೈಪ್ ಒಡೆದಿದೆ, ಬಟ್ಟೆ ಎಲ್ಲ ಒದ್ದೆ. ಮರುದಿನ ಸರಿಹೋಯ್ತು. ಮೇಷ್ಟ್ರು, ನಲ್ಲಿಯಲ್ಲಿ ತುಕ್ಕು ನೀರು. ಇವರು ಮೂರು ಸಲ ಫೋನ್ ಮಾಡಿದ್ರು. ಸುಳ್ಳಲ್ಲ, ಪಾಪ, ನಾನೇ ಹೋಗಿ ನೋಡ್ಕೊಂಡು ಬಂದೆ."

"ಅಕ್ಕ, ಪೂರ್ವವಾ, ಹೊರಗಾ, ಅಷ್ಟು ಹೇಳು ಸಾಕು."

"ಅಷ್ಟೇ ಹೇಳಿದ್ರೆ ಅದು ಯಾರು ಅಂತ ಗೊತ್ತಾಗೋದು ಹೇಗೆ?"

ಮಧ್ಯಾಹ್ನದ ಹೊತ್ತಿಗೆ ಅವನಿಗೇ ಗೊತ್ತಿಲ್ಲದ ಹಾಗೆ ಪ್ರತಿ ಗೀಟಿಗೂ ಮೊದಲು ಒಂದು ಕ್ಷಣ ತಡೆಯುತ್ತಿದ್ದ. ಇಪ್ಪತ್ತೆರಡು ವರ್ಷ ತಾನು ಬಣ್ಣ ಬಳಿದದ್ದು ಯಾವುದಕ್ಕೆ ಎಂದು ಮೊದಲ ಬಾರಿಗೆ ಕಂಡು, ಅವನಿಗೆ ನಾಚಿಕೆಯಾಯಿತು.

ಲೆಕ್ಕ ಮುಗಿದಾಗ ನಾನೂರ ಹನ್ನೆರಡರಲ್ಲಿ ಇನ್ನೂರ ಮೂವತ್ತೊಂದು ಪಶ್ಚಿಮದವರದು. ಸರಿಹೋದದ್ದು ಮುನ್ನೂರ ತೊಂಬತ್ತಾರು. ಬೇರೆ ಯಾವ ಭಾಗದಲ್ಲೂ ಸರಿಹೋದದ್ದು ಮೂವತ್ತು ದಾಟಿರಲಿಲ್ಲ. ನೂರಕ್ಕೆ ಎಷ್ಟು ಎಂದು ತೋರಿಸೋಣವೆಂದು ಲೆಕ್ಕ ಹಾಕಿದರೆ ಅಕ್ಕನಿಗೆ ತೊಂಬತ್ತಾರು ಬಂತು, ಮೌನಿಗೆ ನೂರಕ್ಕೆ ನೂರು. ಗ್ರಾಫಣ್ಣ ಆ ಹಾಳೆಯನ್ನು ಮುದುರಿ ಬಿಸಾಡಿದ. ಸರಿಹೋದ ದೂರುಗಳ ಸಂಖ್ಯೆಯನ್ನೇ ಕಂಬವಾಗಿ ನಿಲ್ಲಿಸುವುದೆಂದು ತೀರ್ಮಾನಿಸಿದ. ಅದರ ಪಕ್ಕದಲ್ಲಿ ಇನ್ನೊಂದು ಚಾರ್ಟು: ಪೂರ್ವದ ಕಂಬವನ್ನು ಎರಡು ತುಂಡು ಮಾಡಿ, ಎಷ್ಟು ತನ್ನದು, ಎಷ್ಟು ಪಶ್ಚಿಮದ್ದು ಎಂದು.

ಸೋಮವಾರ ಇಡೀ ದಿನ ತಲೆ ಎತ್ತದೆ ಬರೆದ. ಮೇಲೆ ದಪ್ಪಕ್ಷರದಲ್ಲಿ 'ಸರಿಪಡಿಸಿದ ದೂರುಗಳು' ಎಂದು ತಲೆಬರಹ. ನಾಲ್ಕು ಗಿಡ್ಡ ಕಂಬಗಳು ನೀಲಿ. ಅಕ್ಕನ ಕಂಬ ಎಂಬತ್ತು ಸೆಂಟಿಮೀಟರಿನ ಹತ್ತಿರ ಏರಿ ನಿಂತಿತು. ಅದನ್ನು ಕಂಡು ಅವನ ಎದೆ ಉಬ್ಬಿತು, ಕೈ ಮುಚ್ಚಳ ತೆಗೆಯಿತು, ಕಂಬ ಕೆಂಪಾಯಿತು. ಅಂಚು ಸ್ವಲ್ಪವೂ ದಾಟಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಸಾಹೇಬರು ಫೋನಿನಲ್ಲಿ ಮಾತಾಡುತ್ತಲೇ ಕಾರಿಡಾರಿಗೆ ಬಂದರು. ಮೊದಲನೆಯ ಚಾರ್ಟಿನ ಮುಂದೆ ಫೋನನ್ನು ಕಿವಿಯಿಂದ ಇಳಿಸಿದರು.

"ಮತ್ತೆ ಇವರೇನಾ?"

"ಸಾರ್, ಇದು ಸರಿಪಡಿಸಿದ್ದು. ಇದರಲ್ಲಿ ಎತ್ತರ ಇದ್ರೆ ಒಳ್ಳೇದು."

"ಎತ್ತರ ಅಂದ್ರೆ ತೊಂದ್ರೆ ಅಂತ ನೀವೇ ಅಲ್ವಾ ಹೇಳಿದ್ದು? ಬರ್ಕೊಂಡಿದ್ದೀನಿ."

"ಅದು ಹೋದ ಸಲದ ಚಾರ್ಟಿಗೆ ಸಾರ್."

"ಚಾರ್ಟಿಗೊಂದು ಅರ್ಥ ಇಟ್ಕೊಂಡ್ರೆ ನಾನು ಆಫೀಸ್ ನಡೆಸೋದು ಹೇಗ್ರೀ? ಒಳ್ಳೇದಾಗಿದ್ರೆ ಕೆಂಪು ಯಾಕೆ ಹಾಕಿದ್ರಿ?"

ಗ್ರಾಫಣ್ಣ ತನ್ನ ಕೈ ನೋಡಿಕೊಂಡ. ಹೆಬ್ಬೆರಳ ಮೇಲೆ ನಿನ್ನೆಯ ಕೆಂಪು ಇನ್ನೂ ಮಾಸಿರಲಿಲ್ಲ. ಈ ಪ್ರಶ್ನೆಗೆ ಉತ್ತರ ಹೇಳಲು ಹಿಂದಿನ ಸಾಹೇಬರ ಕನ್ನಡಕದ ತನಕ ಹೋಗಬೇಕಾಗಿತ್ತು; ಅಷ್ಟು ದೂರ ಬರುವ ವ್ಯವಧಾನ ಈ ಸಾಹೇಬರಿಗೆ ಇರಲಿಲ್ಲ. ಅವರು ಎರಡನೇ ಚಾರ್ಟಿನ ಮುಂದೆ ಬಂದಾಗ ಫೋನಿನಲ್ಲಿದ್ದವರು ಏನೋ ಕೇಳಿದರು, ಮಾತಾಡುತ್ತಲೇ ಮುಂದೆ ಹೋದರು. ಸಂಜೆಯೊಳಗೆ ಆದೇಶ ಟೈಪಾಯಿತು. ಅಕ್ಕ ಪಂಪ್‌ಹೌಸಿಗೆ, ಪೂರ್ವ ಭಾಗವನ್ನು ಸುಧಾರಿಸಲು ಅನುಭವಿಯಾದ ಮೌನಿ. ಪಶ್ಚಿಮದಲ್ಲಿ ಹೇಗೂ ದೂರುಗಳಿಲ್ಲವಾದ್ದರಿಂದ ಅಲ್ಲಿಗೆ ಯಾರೂ ಬೇಡ.

ಅಕ್ಕ ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಒಳ್ಳೆಯದಾಗುತ್ತಿತ್ತು. "ಬಿಡು, ನಿನ್ನ ಕೈಲಿ ಏನಿತ್ತು," ಎಂದಳು ಅಷ್ಟೆ. ಅವನ ಕೈಯಲ್ಲಿ ಏನಿತ್ತು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಲ್ಲಿಂದ ಮುಂದೆ ಊರು ಸುಧಾರಿಸಿತು. ಮೌನಿ ತನ್ನ ಟವೆಲನ್ನು ಪೂರ್ವಕ್ಕೆ ತಂದ. ಅಕ್ಕನಿಗಾದದ್ದನ್ನು ಕಂಡು ಉತ್ತರ, ದಕ್ಷಿಣ, ಮಧ್ಯದವರೂ ಎಚ್ಚೆತ್ತುಕೊಂಡರು. ತಮತಮಗೆ ಬೇಕಾದ ಟವೆಲು ಹುಡುಕಿಕೊಂಡರು. ಊರಿನ ಒಟ್ಟು ದೂರು ಆರುನೂರ ಹದಿನಾಲ್ಕರಿಂದ ಇನ್ನೂರ ನಲವತ್ತಕ್ಕೆ ಇಳಿಯಿತು, ಅಲ್ಲಿಂದ ಅರವತ್ತನಾಲ್ಕಕ್ಕೆ, ನಾಲ್ಕನೆಯ ತಿಂಗಳು ಮುಗಿಯಲು ಐದು ದಿನ ಇದ್ದಾಗ ಬರೀ ಹತ್ತೊಂಬತ್ತಕ್ಕೆ. ಸಾಹೇಬರಿಗೆ ಆನಂದವೋ ಆನಂದ. ಮುಂದಿನ ವಾರದ ವಾರ್ಷಿಕ ಸಭೆಗೆ ಹೊರಗಿನಿಂದ ದೊಡ್ಡ ದೊಡ್ಡವರು ಬರುವವರಿದ್ದರು. ಸಭಾಂಗಣದ ಬಾಗಿಲಲ್ಲೇ ಕಾಣುವ ಹಾಗೆ ಒಂದು ಗೆರೆಯ ಗ್ರಾಫು ಬೇಕು, ಬೇರೇನೂ ಬೇಡ ಎಂದರು.

ಗ್ರಾಫಣ್ಣ ಬರೆದ. ಇಪ್ಪತ್ತು ದೂರಿಗೆ ಒಂದು ಸೆಂಟಿಮೀಟರು. ನಾಲ್ಕು ಚುಕ್ಕಿ ಇಟ್ಟು, ಎರಡು ಮಿಲಿಮೀಟರು ದಪ್ಪದ ಪೆನ್ನಿನಿಂದ ಸೇರಿಸಿದ. ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಗೆರೆ ಜಾರಿ ಬಂತು. ಕೈ ಎಲ್ಲೂ ನಡುಗಿರಲಿಲ್ಲ. ತಾನು ಜೀವನದಲ್ಲಿ ಎಳೆದ ಗೆರೆಗಳಲ್ಲೇ ಅತ್ಯಂತ ಸುಂದರವಾದದ್ದು ಇದು ಎಂದು ಅವನಿಗೆ ಗೊತ್ತಾಯಿತು, ಆದರೂ ಈ ಸಲ ಎರಡು ಹೆಜ್ಜೆ ಹಿಂದೆ ಸರಿದು ನಿಂತು ನೋಡಲಿಲ್ಲ.

ಏಕೆಂದರೆ ಅವನ ಮನೆಯಲ್ಲಿ ನಾಲ್ಕು ದಿನದಿಂದ ನೀರಿರಲಿಲ್ಲ. ಇಡೀ ಬೀದಿಗೇ ಇರಲಿಲ್ಲ. ಹೆಂಡತಿ ಬೀದಿಯ ಕೊನೆಯ ಸಾರ್ವಜನಿಕ ನಲ್ಲಿಯಿಂದ ಹೊತ್ತು ತರುತ್ತಿದ್ದಳು. ಎರಡು ಬಸ್ಸು ಇಳಿದು ಬಂದ ಅಕ್ಕನೂ ಬ್ಯಾಗು ಕೆಳಗಿಟ್ಟವಳೇ ಬಕೆಟ್ಟು ಎತ್ತುತ್ತಿದ್ದಳು. ಅವಳ ಬಲ ಮೊಣಕೈ ಊದಿಕೊಂಡಿತ್ತು. ಪೂರ್ವದ ಕಚೇರಿಗೆ ಅವನು ಹದಿನಾಲ್ಕು ಸಲ ಫೋನ್ ಮಾಡಿದ್ದ.

ಐದನೆಯ ದಿನ ಅವನೇ ಹೋಗಿ ಕೌಂಟರಿನ ಮುಂದೆ ನಿಂತ. ಮೌನಿ ಕುರ್ಚಿ ಕೊಟ್ಟ. ಗ್ರಾಫಣ್ಣ ಕೂರಲಿಲ್ಲ, ವಿಷಯ ಹೇಳಿದ.

"ಅಯ್ಯೋ, ನಿಮ್ಮ ಮನೆಗೇನಾ," ಎಂದ ಮೌನಿ, ನಿಜವಾಗಿಯೂ ಮರುಗಿ. ರಿಜಿಸ್ಟರು ತೆರೆದ, ಪೆನ್ನು ಹಿಡಿದ, ಮತ್ತೆ ಇಳಿಸಿದ. "ಬರೀತೀನಿ, ನನಗೇನಂತೆ. ಆದ್ರೆ ಬರೆದ್ರೆ ನಿಮ್ಮ ಗ್ರಾಫೇ ಕೆಡುತ್ತಲ್ಲ ಸಾರ್. ಮುಗಿಸಿಬಿಟ್ಟಿದ್ದೀರಂತೆ, ತುಂಬಾ ಚೆನ್ನಾಗಿ ಬಂದಿದೆಯಂತೆ. ಏನ್ ಮಾಡ್ಲಿ, ಹೇಳಿ."

ಉತ್ತರ ಹೇಳಲು ಗ್ರಾಫಣ್ಣನಿಗೆ ಅಷ್ಟು ಹೊತ್ತು ಹಿಡಿಯಬಾರದಿತ್ತು, ಹಿಡಿಯಿತು. ಹೊರಟುಹೋಗಲೆಂದು ಒಂದು ಕಾಲು ಬಾಗಿಲ ಕಡೆ ತಿರುಗಿಯೂ ಆಗಿತ್ತು. ಆಮೇಲೆ ಅಕ್ಕನ ಮೊಣಕೈ ನೆನಪಾಗಿ, ತನ್ನ ಮೇಲೆ ತನಗೇ ಅಸಹ್ಯ ಹುಟ್ಟಿ, "ಬರೀರಿ," ಎಂದ. ಮೌನಿ ಬರೆದ. ಹತ್ತೊಂಬತ್ತು ಇಪ್ಪತ್ತಾಯಿತು.

ಕಚೇರಿಗೆ ವಾಪಸು ಬಂದು, ಗ್ರಾಫಿನ ಮುಂದೆ ಮೊಣಕಾಲೂರಿ ಕೂತು, ಕೊನೆಯ ಚುಕ್ಕಿಯನ್ನು ಮೇಲೆ ಸರಿಸಲು ಸ್ಕೇಲು ಇಟ್ಟ. ಒಂದು ದೂರೆಂದರೆ ಅರ್ಧ ಮಿಲಿಮೀಟರು. ಗೆರೆಯ ದಪ್ಪ ಎರಡು ಮಿಲಿಮೀಟರು. ಅವನ ಮನೆಯ ಐದು ಒಣ ದಿನಗಳು, ಹೆಂಡತಿಯ ಬಕೆಟ್ಟುಗಳು, ಅಕ್ಕನ ಊದಿದ ಕೈ, ಕೌಂಟರಿನ ಮುಂದೆ ತಾನು ತೋರಿಸಿದ ಧೈರ್ಯ, ಎಲ್ಲವೂ ಆಗಲೇ ಗೆರೆಯ ಒಳಗಿದ್ದವು. ತಿದ್ದುವುದಕ್ಕೆ ಏನೂ ಇರಲಿಲ್ಲ. ಆ ದಾರಿಯಲ್ಲಿ ಹೋಗುತ್ತಿದ್ದ ಸಾಹೇಬರು ನಿಂತು, "ಚೆನ್ನಾಗಿದೆ, ಇನ್ನು ಮುಟ್ಟಬೇಡಿ," ಎಂದರು.

ಸಂಜೆ ಮನೆಗೆ ಹೋದಾಗ ಅಕ್ಕ ಮೆಟ್ಟಿಲ ಮೇಲೆ ಕೂತು ಮೊಣಕೈಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದಳು. ಅವನು ಅವಳ ಪಕ್ಕದಲ್ಲಿ ಕೂತು, ನಡೆದದ್ದನ್ನೆಲ್ಲ ಹೇಳಿದ.

"ನೀನು ಬರೆಸಿದ್ಯಲ್ಲ," ಎಂದಳು ಅಕ್ಕ.

"ಬರೆಸಿದೆ. ಕಾಣಲ್ಲ ಅಕ್ಕ. ಗೆರೆ ಅದನ್ನ ನುಂಗಿಬಿಡ್ತು."

"ಎಷ್ಟಿದ್ರೆ ಕಾಣುತ್ತೆ?"

ಅವನು ಮನಸ್ಸಿನಲ್ಲೇ ಅಳೆದ. "ಬಾಗಿಲಲ್ಲಿ ನಿಂತೋರಿಗೆ ಕಾಣ್ಬೇಕು ಅಂದ್ರೆ ಮೂರು ಸೆಂಟಿಮೀಟರಾದ್ರೂ ಏಳ್ಬೇಕು. ಅರವತ್ತು ದೂರು. ಫೋನಲ್ಲಿ ಆಗಲ್ಲ, ಹೋಗಿ ನಿಂತ್ಕೋಬೇಕು, ಬರೆಯೋ ತನಕ ಕದಲಬಾರದು. ತಿಂಗಳು ಮುಗಿಯೋಕೆ ಮೂರೇ ದಿನ ಇದೆ."

"ಅರವತ್ತಾ? ಈ ಬೀದೀಲೇ ಅರವತ್ತೆರಡು ಮನೆ ಇದಾವೆ ಕಣೋ. ನಮ್ಮೆರಡು ಬಿಟ್ರೆ ಸರಿಯಾಗಿ ಅರವತ್ತು." ಅಕ್ಕ ಮುಲಾಮಿನ ಡಬ್ಬಿಯ ಮುಚ್ಚಳ ತಿರುಗಿಸಿದಳು. "ಗೆರೆ ಮೇಲಕ್ಕೆ ಎದ್ರೆ ಸಾಹೇಬರು ನಿನ್ನನ್ನ ಸುಮ್ಮನೆ ಬಿಡ್ತಾರಾ?"

"ಪಂಪ್‌ಹೌಸಲ್ಲಿ ಇನ್ನೊಂದು ಕುರ್ಚಿ ಇದೆಯಾ?"

ಅಕ್ಕ ಅವನ ಮುಖ ನೋಡಿದಳು. ಮಗ್ಗಿ ತಪ್ಪಿಲ್ಲದೆ ಒಪ್ಪಿಸಿದ ದಿನ ನೋಡುತ್ತಿದ್ದ ಹಾಗೆಯೇ ನೋಡಿ, ಎಡಗೈ ಊರಿ ಎದ್ದಳು. "ನೀನು ಎಡಗಡೆ ಸಾಲು ನೋಡ್ಕೋ, ನಾನು ಬಲಗಡೆ ನೋಡ್ಕೋತೀನಿ," ಎಂದು ಚಪ್ಪಲಿ ಮೆಟ್ಟಿಕೊಂಡಳು.

ಇನ್ನೂ ಬೆಳಕಿತ್ತು. ಗ್ರಾಫಣ್ಣ ಎಡಗಡೆಯ ಮೊದಲನೇ ಮನೆಯ ಮುಂದೆ ನಿಂತು, ತಾನು ಎಳೆದ ಅತ್ಯಂತ ಸುಂದರವಾದ ಗೆರೆಯನ್ನು ಕೆಡಿಸಲು ಬಾಗಿಲು ತಟ್ಟಿದ.